ಬೋಟು ದಡದಲ್ಲಿದ್ದಾಗ ಮಾಡಿದ ಪಿಡಿಟಿ

ಮಲ್ಪೆಯ ಟ್ರಾಲ್ ಬೋಟಿನಲ್ಲಿ ದುಡಿಯುವ ಒಬ್ಬರು ಉಡುಪಿಯ ನನ್ನ ಕಣ್ಣಿನ ಕ್ಲಿನಿಕ್ಕಿಗೆ ಬಂದಾಗ ಅವರ ಚೀಲದಲ್ಲಿ ಮೂರು ಕನ್ನಡಕ ಇತ್ತು. ಒಂದಕ್ಕಿಂತ ಒಂದರಲ್ಲಿ ಪ್ಲಸ್ ಪವರ್ ಜಾಸ್ತಿ, ಅದೂ ಎಡಗಣ್ಣಿಗೆ ಮಾತ್ರ. ಒಂದೇ ಕಣ್ಣಲ್ಲಿ ಹೀಗೆ ಪ್ಲಸ್ ಏರಿದರೆ ರೆಟಿನಾ ಹಿಂದೆ ಏನೋ ಉಬ್ಬಿದೆ ಅಂತ ಕಣ್ಣಿನ ಡಾಕ್ಟರುಗಳಾದ ನಮಗೆಲ್ಲ ಗೊತ್ತು. ನೋಡಿದರೆ ಮ್ಯಾಕ್ಯುಲಾದ (ರೆಟಿನಾದ ನಡುಭಾಗ) ಮೇಲ್ಬದಿಗೆ ಕಿತ್ತಳೆ ಬಣ್ಣದ ದಿಬ್ಬ, ಅದರ ಬುಡದಿಂದ ಇಳಿದ ನೀರು. ಐಸಿಜಿಯಲ್ಲಿ (ರಕ್ತಕ್ಕೆ ಬಣ್ಣ ಹರಿಸಿ ತೆಗೆಯುವ ಕಣ್ಣಿನ ಚಿತ್ರ) ಮೊದಲ ನಿಮಿಷಕ್ಕೇ ಬೆಳಗಿತು, ಕೊನೆಗೆ ತೊಳೆದ ಹಾಗೆ ಮಾಸಿತು. ಕೋರಾಯ್ಡಲ್ ಹೆಮಾಂಜಿಯೋಮಾ, ಅಂದರೆ ರೆಟಿನಾ ಹಿಂದಿನ ರಕ್ತನಾಳಗಳ ಗೆಡ್ಡೆ, ಅನುಮಾನವೇ ಬೇಡ. ಎತ್ತರ 3 ಮಿಲಿಮೀಟರ್ ಆಸುಪಾಸು, ದೃಷ್ಟಿ 6/36 (ಸರಿಯಿದ್ದರೆ 6/6).

ಪಿಡಿಟಿ, ಅಂದರೆ ಬೆಳಕು ಬಿದ್ದಾಗ ಕೆಲಸ ಮಾಡುವ ಮದ್ದನ್ನು ರಕ್ತಕ್ಕೆ ಕೊಟ್ಟು ಗೆಡ್ಡೆಗೆ ಲೇಸರ್ ಬಿಡುವುದು, ಮಾಡುತ್ತೇನೆ ಅಂದಿದ್ದಕ್ಕೆ ಡಾಕ್ಟರ್ ಗೆಳೆಯರು ನಕ್ಕರು. ಒಬ್ಬರು "ಚೆನ್ನೈಗೆ ಕಳಿಸಿ ಮಾರಾಯ್ರೆ, ಪ್ಲಾಕ್ ಇಡಲಿ" ಅಂದರು. ಪ್ಲಾಕ್ ಅಂದರೆ ಕಣ್ಣಿನ ಹೊರಗೋಡೆಗೆ ಹೊಲಿಯುವ ವಿಕಿರಣದ ಬಿಲ್ಲೆ. ಇನ್ನೊಬ್ಬರು ಟಿಟಿಟಿ, ಅಂದರೆ ಲೇಸರಿನ ಶಾಖ, ಸಾಕು ಅಂದರು. 810 ನ್ಯಾನೋಮೀಟರಿನ ಟಿಟಿಟಿಯನ್ನು ನಾನು ಹಿಂದೆ ಮಾಡಿ ಕೈ ಸುಟ್ಟುಕೊಂಡವನು. ಗೆಡ್ಡೆ ಕುಗ್ಗಿತು ನಿಜ, ಆದರೆ ಫೋವಿಯಾದ (ದೃಷ್ಟಿಯ ನಟ್ಟನಡುವಿನ ಬಿಂದು) ಪಕ್ಕದಲ್ಲೇ ಕಲೆ ಉಳಿಯಿತು. ಆ ರೋಗಿಗೆ ಇವತ್ತಿಗೂ ಬಾಗಿಲ ಚೌಕಟ್ಟು ಸೊಟ್ಟ ಕಾಣುತ್ತದೆ. ಪ್ರೊಪ್ರನೊಲಾಲ್ ಮಾತ್ರೆಯನ್ನೂ ಇಬ್ಬರಿಗೆ ಕೊಟ್ಟು ನೋಡಿದ್ದೆ. ನಾಡಿ ಇಳಿಯಿತು, ಗೆಡ್ಡೆ ಇಳಿಯಲಿಲ್ಲ.

ಪಿಡಿಟಿಯಲ್ಲೂ ನಾನು ಸೋತವನೇ. ಮದ್ದಿನ ಮೊದಲ ವಯಲ್ (ಸೀಸೆ) ಹೋದದ್ದು ಸಲೈನ್‌ಗೆ. ಆಗ ಇನ್ನೊಂದು ಕಡೆ ಕೆಲಸದಲ್ಲಿದ್ದೆ. ಡೆಕ್ಸ್‌ಟ್ರೋಸ್ 5% ಅಂತ ಬಾಯಲ್ಲಿ ಹೇಳಿದ್ದೆ, ಚೀಟಿಯಲ್ಲಿ ಬರೆದಿರಲಿಲ್ಲ. ಸಿಸ್ಟರ್ ದಿನವೂ ಬಳಸುವ ನಾರ್ಮಲ್ ಸಲೈನ್‌ಗೇ ಬೆರೆಸಿದರು. ಕಡು ಹಸಿರು ಮದ್ದು ಕಣ್ಣೆದುರೇ ಒಡೆದ ಹಾಲಿನ ಹಾಗೆ ಕಣಕಣವಾಯಿತು. ಎಂಬತ್ತು ಸಾವಿರದ ಹತ್ತಿರದ ಮಾಲು, ಸಿಂಕಿಗೆ. ತಪ್ಪು ನನ್ನದು, ಅರ್ಧ ದುಡ್ಡು ನಾನೇ ಕಟ್ಟಿದೆ. ಇನ್ನೊಬ್ಬರಿಗೆ ಧೈರ್ಯ ಜಾಸ್ತಿಯಾಗಿ ಲೇಸರನ್ನು ಚದರ ಸೆಂಟಿಮೀಟರಿಗೆ 100 ಜೂಲ್, 166 ಸೆಕೆಂಡ್ ಕೊಟ್ಟೆ. ನೀರು ಒಣಗಿತು, ಜೊತೆಗೆ ಮೇಲಿನ ಪಿಗ್ಮೆಂಟ್ ಪದರವೂ ಸವೆಯಿತು. ಅಂದಿನಿಂದ 50 ಜೂಲ್, 83 ಸೆಕೆಂಡ್ ದಾಟುವುದಿಲ್ಲ.

ಈ ಸಲದ ದೊಡ್ಡ ತಲೆನೋವು ದುಡ್ಡು ಮತ್ತು ಬಿಸಿಲು. ಪಿಡಿಟಿಯ ಮದ್ದು ವರ್ಟೆಪೋರ್ಫಿನ್ ಸಿಗುವುದೇ ಕಷ್ಟ, ಸಿಕ್ಕಿದರೂ ಒಬ್ಬರೇ ಕೊಳ್ಳುವ ಬೆಲೆಯಲ್ಲ. ಹಾಗಾಗಿ ಲೆಕ್ಕ ಹಾಕಿದೆ. ವಯಲ್‌ನಲ್ಲಿ 15 ಮಿಲಿಗ್ರಾಂ, ಕಲಸಿದರೆ ಏಳೂವರೆ ಎಂಎಲ್. ನಮ್ಮ ಬೋಟಿನವರ ಮೈ ಅಳತೆ (ಚರ್ಮದ ಒಟ್ಟು ವಿಸ್ತೀರ್ಣ) 1.6 ಚದರ ಮೀಟರ್, ಅವರಿಗೆ ಪೂರ್ತಿ ಡೋಸ್ 9.6 ಮಿಲಿಗ್ರಾಂ. ಹಳೇ ಸಿಎಸ್‌ಸಿ (ರೆಟಿನಾ ಅಡಿಗೆ ನೀರು ತುಂಬುವ ಇನ್ನೊಂದು ಕಾಯಿಲೆ) ಇರುವ ಬ್ಯಾಂಕ್ ನೌಕರರೊಬ್ಬರು ತಿಂಗಳಿಂದ ಕಾಯುತ್ತಿದ್ದರು. ಅವರಿಗೆ ಅರ್ಧ ಡೋಸ್ ಸಾಕು, 5 ಚಿಲ್ಲರೆ. ಎರಡೂ ಸೇರಿ 14.7! ಒಂದೇ ಸಲಕ್ಕೆ, ಹುಡ್ (ಶುದ್ಧ ಗಾಳಿಯ ಪೆಟ್ಟಿಗೆ) ಕೆಳಗೆ, ಎರಡು ಬೇರೆ ಸಿರಿಂಜಿಗೆ ಎಳೆದೆವು. ತಳದಲ್ಲಿ ಉಳಿದದ್ದು ಮೂರು ಹನಿ. ಕಲಸಿದ ನಾಲ್ಕು ಗಂಟೆಯೊಳಗೆ ಇಬ್ಬರದೂ ಮುಗಿಯಬೇಕು, ಮುಗಿಸಿದೆವು. ಖರ್ಚನ್ನು ಡೋಸಿನ ಲೆಕ್ಕದಲ್ಲಿ ಹಂಚಿದೆ. ಬ್ಯಾಂಕಿನವರು ಪೈಸೆವರೆಗೂ ಗುಣಿಸಿ ನೋಡಿ ಒಪ್ಪಿದರು.

ಇನ್ನು ಬಿಸಿಲು. ಮದ್ದು ಮೈಗೆ ಹೋದ ಮೇಲೆ ಐದು ದಿನ ಬಿಸಿಲಿಗೆ ಬೀಳಬಾರದು. ಡೆಕ್ಕಿನ ಮೇಲೆ ಬದುಕುವವರಿಗೆ ಏಪ್ರಿಲ್‌ನಲ್ಲಿ ಇದನ್ನು ಹೇಳುವುದು ಹೇಗೆ? "ಡಾಕ್ಟ್ರೆ, ಐದು ದಿನ ಬೋಟು ಬಿಟ್ರೆ ನನ್ನ ಪಾಲು ಹೋಯ್ತು" ಅಂದರು. ಅದಕ್ಕೇ ಕಾದೆ. ಜೂನ್ 1ರಿಂದ ಜುಲೈ 31 ಟ್ರಾಲಿಂಗ್ ನಿಷೇಧ, ಬೋಟುಗಳೆಲ್ಲ ಬಂದರಿನಲ್ಲಿ. ಮೇಲಿಂದ ನಮ್ಮ ಕರಾವಳಿಯ ಮಳೆ, ಸೂರ್ಯನೇ ಕಾಣುವುದಿಲ್ಲ. ನಿಧಾನಕ್ಕೆ ಬೆಳೆಯುವ ಗೆಡ್ಡೆ, ಆರೇಳು ವಾರ ಕಾಯಬಹುದಿತ್ತು. ವಾರ ಬಿಟ್ಟು ವಾರ ಓಸಿಟಿ (ರೆಟಿನಾ ಪದರಗಳ ಸ್ಕ್ಯಾನ್) ನೋಡುತ್ತಲೇ ಇದ್ದೆ.

ಜೂನ್ ಎರಡನೇ ವಾರ. ಮೊಣಕೈಯ ದಪ್ಪ ನರಕ್ಕೇ ಸೂಜಿ. ಅಂಗೈ ಹಿಂಬದಿಯ ನರ ನಂಬಿ ಹಿಂದೊಮ್ಮೆ ಮದ್ದು ಹೊರಗೆ ಸೋರಿ ಪೇಚಾಡಿದ್ದೇನೆ. ಹತ್ತು ನಿಮಿಷದಲ್ಲಿ 30 ಎಂಎಲ್, ಶುರುವಾದ ಹದಿನೈದನೇ ನಿಮಿಷಕ್ಕೆ 689 ನ್ಯಾನೋಮೀಟರಿನ ಕೆಂಪು ಲೇಸರ್. ನಡುವೆ ಸೊಂಟ ನೋವು ಅಂದರು, ಅದು ಮದ್ದಿನದೇ, ತಾನಾಗಿ ಹೋಯಿತು. ಸ್ಪಾಟ್ ಒಂದರ ಮೇಲೊಂದು ಬೀಳದ ಹಾಗೆ ಎರಡು ಇಟ್ಟೆ. ಕಣ್ಣಿನ ಮೇಲಿಡುವ ಲೆನ್ಸನ್ನು ಎಷ್ಟು ಒತ್ತಬೇಕು, ಎಲ್ಲಿ ಸಡಿಲ ಬಿಡಬೇಕು ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಬಂದು ನೋಡಿದವರಿಗೆ ತೋರಿಸುತ್ತೇನೆ.

ಮೂರನೇ ದಿನ ಫೋನು. ಮನೆಯವರು ಕಿಟಕಿಗೆಲ್ಲ ಕಂಬಳಿ ಕಟ್ಟಿ, ದೀಪವನ್ನೂ ಆರಿಸಿ ಕೂರಿಸಿದ್ದಾರಂತೆ. ಅಷ್ಟು ಬೇಡ, ಟ್ಯೂಬ್‌ಲೈಟ್ ಹಾಕಿ, ಟಿವಿ ನೋಡಲಿ ಅಂದೆ. ಮನೆಯೊಳಗಿನ ಬೆಳಕು ಚರ್ಮದಲ್ಲಿ ಉಳಿದ ಮದ್ದನ್ನು ಮೆಲ್ಲಗೆ ಕಳೆಯುತ್ತದೆ. ಪೂರ್ತಿ ಕತ್ತಲೆಯಲ್ಲಿ ಕೂತರೆ ಅದು ಹಾಗೇ ಉಳಿಯುತ್ತದೆ.

ವಾರಕ್ಕೆ ಓಸಿಟಿ ಮಾಡಿದರೆ ನೀರು ಮೊದಲಿಗಿಂತ ಜಾಸ್ತಿ. ಗೆಳೆಯರು ಮತ್ತೆ ನಕ್ಕರು. ನನಗೂ ಎರಡು ರಾತ್ರಿ ನಿದ್ದೆ ಇಲ್ಲ, ಆದರೆ ಇನ್ನೊಂದು ಸಲ ಲೇಸರ್ ಕೊಡುವ ಆಸೆಗೆ ಬೀಳಲಿಲ್ಲ. ಆರನೇ ವಾರಕ್ಕೆ ನೀರು ಅರ್ಧವಾಯಿತು. ಮೂರು ತಿಂಗಳಿಗೆ ಮ್ಯಾಕ್ಯುಲಾ ಒಣಗಿತು, ದಿಬ್ಬ ಒಂದು ಚಿಲ್ಲರೆ ಮಿಲಿಮೀಟರಿಗೆ ಇಳಿಯಿತು, ದೃಷ್ಟಿ 6/12. ಮೂರೂ ಕನ್ನಡಕ ಈಗ ನನ್ನ ಮೇಜಿನ ಡ್ರಾಯರಿನಲ್ಲಿವೆ. ಪ್ಲಾಕ್ ಇಡಲಿ ಅಂದವರಿಗೆ ಓಸಿಟಿ ಚಿತ್ರ ಕಳಿಸಿದೆ. ಒಂದು ಹೆಬ್ಬೆರಳು ಬಂತು, ಅಷ್ಟೇ.

ಬರುವ ಜೂನ್‌ಗೆ ಇನ್ನೊಂದು ಹೆಮಾಂಜಿಯೋಮಾ ಇದೆ. ಇವರು ಸ್ವಲ್ಪ ದಪ್ಪ, ಮೈ ಅಳತೆ 1.8, ಒಬ್ಬರಿಗೇ 10.8 ಮಿಲಿಗ್ರಾಂ ಹೋಗುತ್ತದೆ. ಉಳಿದದ್ದಕ್ಕೆ ಸಣಕಲು ಸಿಎಸ್‌ಸಿ ರೋಗಿ ಬೇಕು, 1.4 ದಾಟದವರು. ನಿಮ್ಮ ಕಡೆ ಯಾರಾದರೂ ಇದ್ದರೆ ಮೇ ಮುಗಿಯುವ ಮೊದಲೇ ತಿಳಿಸಿ.