ಭಾನುವಾರದ ಹಸೆ ಕ್ಲಾಸು: ಅಪ್ಪ ಅಮ್ಮನ್ನೂ ನೆಲಕ್ಕೆ ಕೂರಿಸಿದ ಮೇಲೇ ನಮ್ಮ ಗ್ಯಾಲರಿ ತುಂಬಿದ್ದು

ಮೊನ್ನೆ ಭಾನುವಾರ ಮೂರು ಮನೆಯವರನ್ನ ಜಾಗ ಇಲ್ಲ ಅಂತ ವಾಪಸ್ ಕಳಿಸ್ಬೇಕಾಯ್ತು. ಸಾಗರದಂಥ ಊರಲ್ಲಿ, ದುಡ್ಡು ಕೊಟ್ಟು ಬರೋ ಚಿತ್ರದ ಕ್ಲಾಸಿಗೆ. ನಾಲ್ಕು ವರ್ಷದ ಹಿಂದೆ ಇದೇ ಜಗಲೀಲಿ ನಾನು, ನಮ್ಮ ವಾಚ್‌ಮನ್, ಅವನ ಮಗಳು ಮೂರೇ ಜನ, ಕುಂಚ ಎಲ್ಲಾ ಜೋಡಿಸಿಟ್ಕೊಂಡು ಸಂಜೆ ಐದರ ತನಕ ಬಾಗಿಲು ನೋಡ್ತಾ ಕೂತಿದ್ವಿ. ಹಳೇ ತೊಟ್ಟಿ ಮನೇನ ಗ್ಯಾಲರಿ ಮಾಡ್ಕೊಂಡಿರೋ ಸಣ್ಣ ಟ್ರಸ್ಟ್ ನಮ್ದು, ಗೋಡೆ ಮೇಲೆ ಎಲ್ಲಾ ಸೇರಿ ಒಂದು ಎಪ್ಪತ್ತು ಚಿತ್ರ, ಅರ್ಧಕ್ಕರ್ಧ ಹಸೆ ಚಿತ್ತಾರವೇ, ಅಂದ್ರೆ ಮಲೆನಾಡಿನ ದೀವರ ಸಮುದಾಯದ ಹೆಂಗಸರು ಕೆಮ್ಮಣ್ಣಿನ ಮೇಲೆ ಅಕ್ಕಿ ಹಿಟ್ಟಿನ ಬಿಳೀಲಿ ಎಳೆ ಎಳೆಯಾಗಿ ಬರೆಯೋ ಗೆರೆ ಚಿತ್ರ. ಸಣ್ಣ ಊರಲ್ಲಿ ಗ್ಯಾಲರಿ, ಮ್ಯೂಸಿಯಂ ನಡೆಸೋರಿಗೆ ಉಪಯೋಗ ಆಗ್ಬಹುದು ಅಂತ ಬರೀತಿದೀನಿ. ದೀವರ ಮನೆಗಳಲ್ಲಿ ಚಿತ್ತಾರಕ್ಕೇನು ಜಾಗ ಅನ್ನೋ ವಿವರಕ್ಕೆ ಇಲ್ಲಿ ಹೋಗಲ್ಲ.

ಮೊದ್ಲು ಎಲ್ಲರೂ ಮಾಡೋದನ್ನೇ ನಾನೂ ಮಾಡಿದ್ದು, ಡ್ರಾಯಿಂಗ್ ಕಾಂಪಿಟೇಶನ್. ಟ್ರಸ್ಟಿನವರ ಒತ್ತಾಯ ಬೇರೆ, "ಕಪ್ ಇಡಿ, ಜನ ತಾವಾಗೇ ಬರ್ತಾರೆ" ಅಂತ. ಒಂದು ಸ್ಕೂಲಿನವರು ಅರವತ್ತು ಮಕ್ಕಳು ಅಂದಿದ್ರು, ಎರಡು ಬಸ್ಸಲ್ಲಿ ನೂರಾ ನಲವತ್ತು ಜನ ಇಳಿದ್ರು. ಜಗಲಿ, ಹೊರಗಿನ ಕಟ್ಟೆ, ಕೊಟ್ಟಿಗೆ ತನಕ ಕೂರಿಸಿದ್ದಾಯ್ತು. ಎರಡು ಗುಡ್ಡ, ಮಧ್ಯ ಸೂರ್ಯ, ಒಂದು ತೆಂಗಿನ ಮರ, ಕೆಳಗೆ ಹೊಳೆ, ನೂರಾ ನಲವತ್ತು ಸಲ ಅದೇ. ಒಂದು ಮಗೂನೂ ತಲೆ ಎತ್ತಿ ಗೋಡೆ ನೋಡ್ಲಿಲ್ಲ, ನೋಡೋಕೆ ನಾವೂ ಬಿಟ್ಟಿರ್ಲಿಲ್ಲ, ಟೈಮ್ ಆಯ್ತು ಟೈಮ್ ಆಯ್ತು ಅಂತ ಕೂಗ್ತಿದ್ವಿ. ಕಪ್ಪು, ಸರ್ಟಿಫಿಕೇಟು, ಬಿಸ್ಕೆಟ್ಟು ಎಲ್ಲಾ ಸೇರಿ ಹನ್ನೊಂದು ಸಾವಿರದ ಹತ್ತಿರ ಹೋಯ್ತು. ಮುಂದಿನ ವಾರ ಆ ನೂರಾ ನಲವತ್ತರಲ್ಲಿ ಒಬ್ಬನೂ ಬರ್ಲಿಲ್ಲ. ನನಗೆ ಅವತ್ತು ರಾತ್ರಿ ನಿದ್ದೆ ಬಂದಿಲ್ಲ, ಸುಳ್ಳಲ್ಲ.

ಆಮೇಲೆ ಫ್ರೀ ಮಾಡಿ ನೋಡಿದ್ವಿ, ಮೇ 18ರ ಮ್ಯೂಸಿಯಂ ದಿನಕ್ಕೆ. ಫೋನಲ್ಲಿ ಬರ್ತೀವಿ ಅಂತ ಹೆಸರು ಕೊಟ್ಟವರು ಎಂಬತ್ತು ಚಿಲ್ಲರೆ, ಬಂದಿದ್ದು ಹತ್ತೊಂಬತ್ತು. ಅದಾದ್ಮೇಲೆ ಮಕ್ಕಳ ಬೇಸಿಗೆ ಶಿಬಿರ, ಅದು ಪರವಾಗಿಲ್ಲ ಅನ್ನೋ ಹಂಗೆ ನಡೀತು, ಆದ್ರೆ ಅಪ್ಪ ಅಮ್ಮ ಮಕ್ಕಳನ್ನ ಬಾಗಿಲಲ್ಲಿ ಇಳಿಸಿ ಪೇಟೆಗೆ ಹೋಗೋರು. ಒಂದಿನ ಒಬ್ಬಳು ಹುಡುಗಿ, ಎಂಟು ವರ್ಷ ಇರ್ಬೇಕು, ಎರಡು ಗಂಟೆ ಕೂತು ಒಂದು ಕಪ್ಪೆ ಬರೆದಿದ್ಲು, ಮೈಮೇಲೆಲ್ಲ ಸಣ್ಣ ಸಣ್ಣ ಚುಕ್ಕಿ ಇಟ್ಟು. ಅಪ್ಪ ಬಂದ್ರು, ಇದೇನು ಗೀಚಿದೀಯ ನಡಿ ಲೇಟಾಯ್ತು ಅಂತ ಹಸಿ ಪೇಪರನ್ನೇ ನಾಲ್ಕು ಮಡಿಕೆ ಮಡಚಿ ತರಕಾರಿ ಚೀಲದೊಳಗೆ ತುರುಕಿದ್ರು. ಆ ಮಗು ಚೀಲನೇ ನೋಡ್ತಾ ಹೋಯ್ತು. ನಂಗೆ ಆವತ್ತೇ ಅನ್ಸಿದ್ದು, ಪಾಠ ಆಗ್ಬೇಕಿರೋದು ಮಗೂಗಲ್ಲ, ಇವರು ಒಂದು ಗಂಟೆ ನೆಲದ ಮೇಲೆ ಕೂತು ಒಂದು ಗೆರೆ ನೆಟ್ಟಗೆ ಎಳೆದು ನೋಡ್ಲಿ, ಆಮೇಲೆ ಮಾತಾಡ್ಲಿ.

ಅಲ್ಲಿಂದ ಶುರು. ಮೂರೇ ನಿಯಮ ಇಟ್ಟೆ. ಮಗೂನ ಬಿಟ್ಟು ಹೋಗೋ ಹಾಗಿಲ್ಲ, ಮನೆಗೆ ಒಂದೇ ಹಲಗೆ, ದೊಡ್ಡವರೂ ಮಕ್ಕಳೂ ಅದರಲ್ಲೇ ಬರೀಬೇಕು. ಮನೆಗೆ ಇಷ್ಟು ಅಂತ ದುಡ್ಡು ಮುಂಗಡ ಕೊಡ್ಬೇಕು, ಬರದಿದ್ರೆ ವಾಪಸ್ ಇಲ್ಲ. ಒಂದು ಭಾನುವಾರಕ್ಕೆ ಗೋಡೆ ಮೇಲಿಂದು ಒಂದೇ ಚಿತ್ರ ನೋಡೋದು, ಬೇರೆದೆಲ್ಲ ಆಮೇಲೆ. ಮೀಟಿಂಗಲ್ಲಿ ಇದನ್ನ ಹೇಳಿದಾಗ ಒಬ್ರು, "ದುಡ್ಡೂ ಕೊಡ್ಬೇಕು, ಮಣ್ಣೂ ಮೆತ್ಕೋಬೇಕು, ಯಾರು ಬರ್ತಾರ್ರೀ, ನಮ್ಮ ಜನಕ್ಕೆ ಇದೆಲ್ಲ ಹತ್ತಲ್ಲ" ಅಂದ್ರು. ನಾನು ಸ್ವಲ್ಪ ಜೋರಾಗೇ ಮಾತಾಡ್ಬಿಟ್ಟೆ. ಪಕ್ಕದ ಹೆಗ್ಗೋಡಲ್ಲಿ 1949ರಿಂದ ನೀನಾಸಂ ನಾಟಕ ಸಂಸ್ಥೆ ಇದೆ, 1973ರಲ್ಲಿ ಅಲ್ಲಿ ಚಿತ್ರಸಮಾಜ ಕಟ್ಟಿ ಅಡಿಕೆ ಸುಲಿಯೋ ಕೈಯವರಿಗೆ ಹೊರದೇಶದ ಸಿನಿಮಾ ತೋರಿಸಿದ್ರು, ಅದನ್ನ ಬೆಳೆಸಿದ ಕೆ. ವಿ. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು, ಆ ಜನ ಯಾರು ಹಾಗಾದ್ರೆ, ನಮ್ಮ ಜನ ಅಲ್ವ ಅಂದೆ. ಆರು ತಿಂಗಳು ಟೈಮ್ ಕೊಟ್ರು, ಹದಿನೈದು ಸಾವಿರ ಕೊಟ್ರು, ಅದರ ಮೇಲೆ ಒಂದು ಪೈಸೆ ಇಲ್ಲ ಅಂದ್ರು.

ಮೊದಲ ಎರಡು ತಿಂಗಳು ಪೂರ್ತಿ ಲಾಸು, ಅದಕ್ಕೆ ಕಾರಣ ಸಾಮಾನು. ಮರದ ನಾರು ಒತ್ತಿ ಮಾಡಿದ ಎಂಡಿಎಫ್ ಹಲಗೆ ತಂದೆ, ಮೇಲೆ ಕೆಮ್ಮಣ್ಣಿನ ಬಣ್ಣದ ಪೋಸ್ಟರ್ ಕಲರ್ ಬಳಿದೆ, ಬಿಳಿಗೆ ಅಕ್ರಿಲಿಕ್. ಜೂನ್ ಬಂತು ನೋಡಿ, ಹಲಗೆ ಅಂಚೆಲ್ಲ ಊದ್ಕೊಂಡು ಹಪ್ಪಳ. ಆಮೇಲೆ ನಿಜವಾದ ಕೆಮ್ಮಣ್ಣಿಗೆ ಫೆವಿಕಾಲ್ ಹಾಕಿದೆ, ಜಾಸ್ತಿ ಆಗಿ ಮೇಲ್ಮೈ ಹೊಳಪು ಬಂತು, ಅಕ್ಕಿ ಹಿಟ್ಟಿನ ಬಿಳಿ ಅದರ ಮೇಲೆ ನಿಲ್ಲದೆ ಹನಿ ಹನಿಯಾಗಿ ಸರೀತಿತ್ತು. ಕಮ್ಮಿ ಹಾಕಿದ್ರೆ ಒಣಗಿದ ಮೇಲೆ ಬಿರುಕು. ನಾಲ್ಕೂವರೆ ಸಾವಿರ ಇದಕ್ಕೇ ಹೋಯ್ತು.

ಆ ಟೈಮಲ್ಲಿ ಒಂದು ಮನೆಯವರು ಹುಡುಗನ ಜೊತೆ ಅಜ್ಜೀನೂ ಕರ್ಕೊಂಡು ಬಂದ್ರು. ಅಜ್ಜಿ ಸೊರಬದ ಕಡೆ ಹಳ್ಳಿಯವರು, ದೀವರು. ಎರಡು ಗಂಟೆ ಮೂಲೇಲಿ ಕೂತು ನೋಡಿದ್ರು, ಮಾತಿಲ್ಲ. ಕ್ಲಾಸ್ ಮುಗಿದ ಮೇಲೆ ನಮ್ಮ ಹಲಗೆ ಹತ್ರ ಬಂದು ಬೆರಳಿಂದ ಒಂದ್ಸಲ ಉಜ್ಜಿದ್ರು, ಬೆರಳು ಮೂಸಿದ್ರು, "ಇದು ಮಣ್ಣಲ್ಲ, ಇದ್ರ ಮ್ಯಾಲೆ ಎಳೆ ಕೂರ್ತದಾ?" ಅಂತ ಕೇಳಿದ್ರು. ಅಷ್ಟೇ. ಮುಂದಿನ ವಾರ ನಾನೇ ಅವರ ಮನೆಗೆ ಹೋದೆ. ಹಲಗೆ ಯಾಕೆ ಬೇಕು, ಭೂಮಿ ಹುಣ್ಣಿಮೆಗೆ ಬುಟ್ಟಿ ಮೇಲೆ ಬರೆಯಲ್ವ, ಅದನ್ನೇ ಮಾಡ್ಸು ಅಂದ್ರು. ಭೂಮಿ ತಾಯಿಗೆ ಪೂಜೆ ಮಾಡೋ ಆ ಹಬ್ಬಕ್ಕೆ ಎಡೆ ಒಯ್ಯೋದು ಭೂಮಣ್ಣಿ ಬುಟ್ಟೀಲಿ. ನಾನು ಅಲ್ಲೀವರೆಗೆ ಆ ಬುಟ್ಟೀನ ಗಾಜಿನ ಪೆಟ್ಟಿಗೆಯೊಳಗಿಟ್ಟು ಲೇಬಲ್ ಹಚ್ಚಿದ್ದೆ, ಅದನ್ನ ಕ್ಲಾಸಿಗೆ ತರ್ಬಹುದು ಅಂತ ಹೊಳೆದೇ ಇರ್ಲಿಲ್ಲ!

ಈಗ ಮೇದಾರರ ಹತ್ರ ಬಿದಿರಿನ ಸಣ್ಣ ತಟ್ಟೆ, ಬುಟ್ಟಿ ಹೇಳಿ ಮಾಡಿಸ್ತೀನಿ, ಒಂದಕ್ಕೆ ಎಪ್ಪತ್ತು ಎಂಬತ್ತು ಬೀಳುತ್ತೆ. ಅದಕ್ಕೆ ಸಗಣಿ ಸಾರಿಸಿ, ಒಣಗಿಸಿ, ಮೇಲೆ ಕೆಮ್ಮಣ್ಣು. ಬಿದಿರು ಉಸಿರಾಡುತ್ತೆ, ಮಳೆಗಾಲದಲ್ಲೂ ಎಂಡಿಎಫ್ ಥರ ಊದ್ಕೊಳ್ಳಲ್ಲ. ಕೆಮ್ಮಣ್ಣಿಗೆ ಬಿರುಕು ಬಿಡದ ಹಾಗೆ ಒಂದು ಸಾಮಾನು ಸೇರಿಸ್ತೀವಿ, ಅದು ಅಜ್ಜಿ ಹೇಳಿಕೊಟ್ಟಿದ್ದು, ಅವರು ಯಾರಿಗೂ ಹೇಳ್ಬೇಡ ಅಂದಿದಾರೆ, ನಾನೂ ಹೇಳಲ್ಲ. ಬಿಳಿಗೆ ನೆನೆಸಿ ರುಬ್ಬಿದ ಅಕ್ಕಿ, ಕಪ್ಪಿಗೆ ಹುರಿದು ಕರಿ ಮಾಡಿದ ಅಕ್ಕಿ. ಹಳದಿಗೆ ಗುರಿಗೆ ಬೀಜ, ಅದು ಸಿಗೋದೇ ಕಷ್ಟ, ಅದಕ್ಕೇ ವರ್ಷಕ್ಕೆ ಎರಡು ಕ್ಲಾಸಲ್ಲಿ ಮಾತ್ರ. ಕುಂಚ ಪುಂಡಿ ನಾರಿಂದು, ಮಕ್ಕಳೇ ಜಜ್ಜಿ ಮಾಡ್ಕೋತಾರೆ, ಮೊದಲ ಇಪ್ಪತ್ತು ನಿಮಿಷ ಅದಕ್ಕೇ ಹೋಗುತ್ತೆ, ಹೋಗ್ಲಿ. ಸಗಣಿ ನೋಡಿ ಮುಖ ಸಿಂಡರಿಸ್ಕೊಂಡೋರು ಇದ್ರು, ಒಬ್ಬರು ಗ್ಲೌಸ್ ಕೇಳಿದ್ರು, ಇಟ್ಟಿದೀನಿ ಕೇಳಿದವರಿಗೆ ಕೊಡ್ತೀನಿ, ಆದ್ರೆ ಹತ್ತು ನಿಮಿಷಕ್ಕೆ ಅವರೇ ತೆಗೆದು ಪಕ್ಕಕ್ಕಿಡ್ತಾರೆ, ಗ್ಲೌಸ್ ಹಾಕ್ಕೊಂಡ್ರೆ ಎಳೆ ನೆಟ್ಟಗೆ ಬರಲ್ಲ.

ಅಜ್ಜಿನೇ ಈಗ ನಮ್ಮ ಮೇಷ್ಟ್ರು. ಮೊದ್ಲು ದಿನಕ್ಕೆ ಎಂಟುನೂರು ಮತ್ತೆ ಬಸ್ ಚಾರ್ಜು ಕೊಡ್ತಿದ್ದೆ, ಅದು ತಪ್ಪು, ಪೇಂಟಿಂಗ್ ಮಾಡೋ ಹುಡುಗರನ್ನ ಕರೆಸಿದಾಗ ಎರಡು ಸಾವಿರ ಕೊಟ್ಟು ಇವರಿಗೆ ಎಂಟುನೂರು ಅಂದ್ರೆ ಹೇಗೆ. ಈಗ ಎರಡೂವರೆ ಸಾವಿರ, ಮನೆ ಬಾಗಿಲಿಂದ ಆಟೋ. ಗಂಡಸರು ಕೂತು ಹಸೆ ಬರೆಯೋದು ನೋಡಿ ಅವರಿಗೆ ಮೊದಮೊದ್ಲು ನಗು ತಡೀತಿರ್ಲಿಲ್ಲ. ಎಳೆ ವಕ್ರ ಆದ್ರೆ ಒರೆಸಿ ಮತ್ತೆ ಬರಿ ಅಂತಾರೆ, ಬ್ಯಾಂಕ್ ಮ್ಯಾನೇಜರ್ ಆದ್ರೂ ಅಷ್ಟೇ. ಮಗಳು ನೆಟ್ಟಗೆ ಎಳೆದು ಅಪ್ಪ ವಕ್ರ ಎಳೆದಾಗ ಆ ಬುಟ್ಟಿ ಮುಂದೆ ಆಗೋ ಮಾತುಕತೆ ಇದೆಯಲ್ಲ, ಅದನ್ನ ನಾನು ಯಾವ ಸ್ಕೂಲಲ್ಲೂ ನೋಡಿಲ್ಲ.

ಮನೇಲಿ ಹಿರಿಯರನ್ನ ಕರ್ಕೊಂಡು ಬಂದ್ರೆ ಅರ್ಧ ದುಡ್ಡು ಅಂತ ಮಾಡಿದ್ದು ಆಮೇಲೆ. ಜನ ಬಂದಿದ್ದೇ ಇದರಿಂದ ಅಂತ ನನ್ನ ಲೆಕ್ಕ. ಊರಲ್ಲಿ ಎಷ್ಟು ಮನೆ ಅಜ್ಜಿಯರಿಗೆ ಹಸೆ ಗೊತ್ತಿತ್ತೋ, ಮಕ್ಕಳಿಗೆ ಅದು ಗೊತ್ತೇ ಇರ್ಲಿಲ್ಲ.

ನೋಡೋ ಭಾಗಕ್ಕೆ ಬರ್ತೀನಿ. ನ್ಯೂಯಾರ್ಕಿನ ಮೋಮಾ ಅನ್ನೋ ಕಲಾ ಮ್ಯೂಸಿಯಂನಲ್ಲಿದ್ದ ಫಿಲಿಪ್ ಯೆನವೈನ್, ಅಬಿಗೈಲ್ ಹೌಸನ್ ಇಬ್ಬರೂ ಮಾಡಿದ ಮೂರು ಪ್ರಶ್ನೆ ನಮ್ಮ ಲೈನಲ್ಲಿರೋರಿಗೆಲ್ಲ ಗೊತ್ತಲ್ಲ, ಇಲ್ಲಿ ಏನ್ ನಡೀತಿದೆ, ಯಾವುದನ್ನ ನೋಡಿ ಹಾಗಂತೀಯ, ಇನ್ನೇನ್ ಕಾಣುತ್ತೆ. ನಾನು ಅದನ್ನ ಹಂಗೇ ಚಿತ್ತಾರದ ಮುಂದೆ ಕೇಳಿದೆ. "ಏನೂ ನಡೀತಿಲ್ಲ, ಬರೀ ಗೆರೆ" ಅಂದ ಒಬ್ಬ. ಸರಿಯಾಗೇ ಹೇಳಿದ, ಕಥೆ ಇರೋ ಚಿತ್ರಕ್ಕೆ ಮಾಡಿದ ಪ್ರಶ್ನೆ ಅದು, ನಮ್ಮ ಹಸೆಗೋಡೆಗೆ ಹೊಂದಲ್ಲ. ಚಿತ್ರಕಾರ ಕೆ. ಕೆ. ಹೆಬ್ಬಾರರ ಪ್ರಿಂಟ್ ಮುಂದೆ ಅದೇ ಪ್ರಶ್ನೆ ಚೆನ್ನಾಗಿ ನಡೆಯುತ್ತೆ. ಚಿತ್ತಾರಕ್ಕೆ ಬದಲಾಯಿಸಿದೆ, "ಇದರೊಳಗೆ ನೀನು ಹೋಗೋದಾದ್ರೆ ಎಲ್ಲಿಂದ ಹೋಗ್ತೀಯ?" ಅಂತ. ಮಕ್ಕಳು ಎದ್ದು ಬೆರಳಲ್ಲಿ ಗಾಳೀಲೇ ದಾರಿ ತೋರಿಸೋಕೆ ಶುರು ಮಾಡಿದ್ರು, ಎರಡೆಳೆ ಮಧ್ಯ ಸಂದಿ, ಆ ಸಂದಿ ಎಲ್ಲಿ ತಿರುಗುತ್ತೆ, ಎಲ್ಲಿ ಮುಚ್ಚುತ್ತೆ. ಇಪ್ಪತ್ತೈದು ನಿಮಿಷ ಒಂದೇ ಚಿತ್ರದ ಮುಂದೆ. ಇದಾದ ಮೇಲೆ ಇನ್ನೊಂದು ಪ್ರಶ್ನೆ ಕೇಳ್ತೀನಿ, ಅದು ಸದ್ಯಕ್ಕೆ ನಂದೇ ಇರ್ಲಿ, ಬಂದು ಕೂತ್ರೆ ಗೊತ್ತಾಗುತ್ತೆ.

ಮಧ್ಯ ಒಂದು ಬೇರೆ ಪ್ರಯೋಗ ಮಾಡಿದೆ. ಮೈಸೂರು ಜಗನ್ಮೋಹನ ಅರಮನೆಯ ದೀಪ ಹಿಡಿದ ಹೆಂಗಸಿನ ಚಿತ್ರದ ಪ್ರಿಂಟ್ ನಮ್ಮಲ್ಲಿದೆ. ಹತ್ತರಲ್ಲಿ ಒಂಬತ್ತು ಜನ ರವಿವರ್ಮಂದು ಅಂತಾರೆ, ಅಲ್ಲ, ಎಸ್. ಎಲ್. ಹಲ್ದಂಕರ್ ಅವರದ್ದು, 1940ರ ದಶಕದ್ದು, ಮಗಳನ್ನೇ ನಿಲ್ಲಿಸಿ ಬರೆದಿದ್ದು, ಅದೂ ಜಲವರ್ಣ. ಬಾಯಲ್ಲಿ ಹೇಳಿದ್ರೆ ಯಾರೂ ನೆನಪಿಟ್ಕೊಳ್ಳಲ್ಲ. ಅದಕ್ಕೆ ನಡುಮನೆ ಕಿಟಕಿ ಎಲ್ಲ ಕಂಬಳಿ ಹಾಕಿ ಮುಚ್ಚಿ, ಮನೆಗೊಂದು ಎಣ್ಣೆ ದೀಪ ಕೊಟ್ಟು, ಅಂಗೈ ಅಡ್ಡ ಹಿಡೀರಿ ಅಂದೆ. ಎಲ್ಇಡಿ ದೀಪದಲ್ಲಿ ಮೊದ್ಲು ಮಾಡಿ ನೋಡಿದ್ದೆ, ಕೆಲಸಕ್ಕೆ ಬರಲ್ಲ, ಬೆರಳು ಬೂದಿ ಬಣ್ಣ ಕಾಣುತ್ತೆ. ಎಣ್ಣೆ ದೀಪದಲ್ಲಿ ಬೆರಳ ಸಂದಿ ಕೆಂಪಗಾಗುತ್ತೆ, ಉಗುರಿನ ಸುತ್ತ ಇನ್ನೂ ಕೆಂಪು. ಆಮೇಲೆ ಟಾರ್ಚ್ ಬಿಟ್ಟು ಪ್ರಿಂಟ್ ತೋರಿಸಿದೆ, ಒಬ್ಬ ಐದನೇ ಕ್ಲಾಸ್ ಹುಡುಗ "ಅಯ್ಯೋ, ಇವರು ಬಿಳಿ ಪೇಪರನ್ನೇ ಬೆಳಕು ಮಾಡಿದಾರೆ" ಅಂದ. ಆರ್ಟ್ ಕಾಲೇಜಲ್ಲಿ ನನಗೆ ಇದು ತಿಳಿಯೋಕೆ ಎರಡು ವರ್ಷ ಹಿಡಿದಿತ್ತು. ಒಂದು ಲಂಗದ ಅಂಚು ಸ್ವಲ್ಪ ಸುಟ್ಟಿದ್ದರಿಂದ ಈಗ ದೀಪಕ್ಕೆ ಮರಳಿನ ತಟ್ಟೆ, ಎರಡು ಬಕೆಟ್ ನೀರು, ಒಂದ್ಸಲಕ್ಕೆ ನಾಲ್ಕೇ ಮನೆ.

ಬೆಳಕಿನ ವಿಷಯ ಬಂತಲ್ಲ, ಬೆಳಕು ಅಳೆಯೋ ಫೋನಿನ ಲಕ್ಸ್ ಮೀಟರಲ್ಲಿ ನೋಡಿದ್ರೆ ನಮ್ಮ ದಕ್ಷಿಣದ ಕಿಟಕಿ ಪಕ್ಕ ನಾನೂರು ದಾಟ್ತಿತ್ತು. ಪೇಪರಿನ ಮೇಲಿನ ಚಿತ್ರ ಮಾಸದಿರೋಕೆ 50 ಲಕ್ಸ್ ದಾಟಬಾರ್ದು ಅನ್ನೋದು ಎಲ್ಲರಿಗೂ ಗೊತ್ತು, ಯಾರೂ ಅಳೆಯಲ್ಲ. ಅಳೀರಿ. ಆ ಗೋಡೇಲಿ ಈಗ ಮುಟ್ಟಿ ನೋಡೋ ಸಾಮಾನು ಮಾತ್ರ ಇದೆ, ಬೆಂಗಳೂರಿನ ಕಸ್ತೂರ್ಬಾ ರಸ್ತೆಯ ಮ್ಯಾಪ್ ಅನ್ನೋ ಕಲಾ ಮ್ಯೂಸಿಯಂ 2023ರ ಫೆಬ್ರವರೀಲಿ ಶುರು ಆದ್ಮೇಲೆ ಹೋಗಿ ನೋಡ್ಕೊಂಡು ಬಂದು ಮಾಡಿದ್ದು, ಅವರಷ್ಟು ದುಡ್ಡು ನಮ್ಮತ್ರ ಇಲ್ಲ, ಉಬ್ಬು ಎಳೆಯ ಮಣ್ಣಿನ ಹಲಗೆ ಎರಡು, ಗುಡಿಗಾರರ ಕೆತ್ತನೆಯ ತುಂಡು ಐದು. ಕಣ್ಣು ಕಾಣದ ಒಬ್ಬರು ಅದರ ಮೇಲೆ ಕೈ ಓಡಿಸಿ ಎಳೆ ಎಣಿಸಿ ಹೇಳಿದ್ರು.

ದುಡ್ಡಿನ ಲೆಕ್ಕ ಕೇಳ್ತಾರೆ, ನೆನಪಿಂದ ಹೇಳ್ತೀನಿ. ಮನೆಗೆ ಐವತ್ತು ರೂಪಾಯಿಂದ ಶುರು ಮಾಡಿದ್ದು, ಆಗ ಬರ್ತಿದ್ದು ಐದಾರು ಮನೆ. ನೂರೈವತ್ತು ಮಾಡಿದಾಗ ಜನ ಕಮ್ಮಿ ಆಗ್ಲಿಲ್ಲ, ಜಾಸ್ತಿ ಆದ್ರು. ಈಗ ಮುನ್ನೂರೈವತ್ತು, ಹದಿನಾಲ್ಕು ಮನೆ, ಅರ್ಧ ದುಡ್ಡಿನವರನ್ನೆಲ್ಲ ಕಳೆದು ಮೂರು ಮುಕ್ಕಾಲು ಸಾವಿರ ಬರುತ್ತೆ. ಅಜ್ಜಿಗೆ ಎರಡೂವರೆ, ಬಿದಿರು ಮಣ್ಣು ಅಕ್ಕಿ ಸಾವಿರದ ಇನ್ನೂರು, ಕಾಫಿ ಮಂಡಕ್ಕಿ ಇನ್ನೂರೈವತ್ತು. ಅಂದ್ರೆ ಕ್ಲಾಸಲ್ಲಿ ಇನ್ನೂರು ಮುನ್ನೂರು ಕೈಯಿಂದಲೇ ಹೋಗುತ್ತೆ. ಉಳಿಯೋದು ಬೇರೆ ಕಡೆ, ಬಂದ ಮನೆಯವರು ಮುಂದಿನ ತಿಂಗಳು ನೆಂಟರನ್ನ ಕರ್ಕೊಂಡು ಟಿಕೆಟ್ ತಗೊಂಡು ಬರ್ತಾರೆ, ಬುಟ್ಟಿ ಕೊಳ್ತಾರೆ. ಹೋದ ವರ್ಷ ಬುಟ್ಟಿ ಮಾರಿದ್ದೇ ಅರವತ್ತು ಸಾವಿರದ ಹತ್ತಿರ, ಅದರಲ್ಲಿ ಮುಕ್ಕಾಲು ಬರೆದವರಿಗೆ. ಟ್ರಸ್ಟಿನವರ ಹದಿನೈದು ಸಾವಿರ ಎರಡನೇ ವರ್ಷವೇ ವಾಪಸ್ ಕೊಟ್ಟೆ, ಚೆಕ್ ಕೊಡ್ವಾಗ ಫೋಟೋನೂ ತೆಗೆಸ್ಕೊಂಡೆ.

ಭೂಮಿ ಹುಣ್ಣಿಮೆ ಮುಂಚೆ ಹತ್ತು ದಿನ ಮನೆಯವರು ಬರೆದಿದ್ದನ್ನೆಲ್ಲ ಪ್ರದರ್ಶನಕ್ಕಿಡ್ತೀವಿ, ಗೋಡೆ ಮೇಲಿರೋ ಹಳೇ ಕೆಲಸದ ಪಕ್ಕದಲ್ಲೇ, ಅದೇ ಎತ್ತರಕ್ಕೆ. ಲೇಬಲ್ ಅವರೇ ಬರೀಬೇಕು, ನಾವು ತಿದ್ದಲ್ಲ. ಹೋದ ವರ್ಷ ಒಂದು ಬುಟ್ಟಿ ಕೆಳಗೆ, "ಮೇಲಿನ ಮೂರು ಸಾಲು ಅಜ್ಜಿದು, ಮಧ್ಯದ್ದು ನಂದು, ಕೆಳಗೆ ವಕ್ರ ಇರೋದು ಅಪ್ಪಂದು, ಅವರು ಮತ್ತೆ ಬರೀತೀನಿ ಅಂದಿದಾರೆ" ಅಂತ ಇತ್ತು. ಕಪ್ಪೆ ಬರೆದ ಆ ಹುಡುಗಿ ಮನೆದು ಅದು, ಅವರಪ್ಪ ಈಗ ತಿಂಗಳಿಗೆ ಎರಡು ಸಲ ಬರ್ತಾರೆ, ಬರ್ವಾಗ ಮಗಳ ಪೇಪರ್ ಇಡೋಕೆ ಅಂತಲೇ ಒಂದು ರಟ್ಟಿನ ಫೈಲು ತರ್ತಾರೆ.

ಯಾರಾದ್ರೂ ಮಾಡೋದಾದ್ರೆ ಒಂದು ಮಾತು, ಬಿದಿರಿನ ಆರ್ಡರ್ ಮಳೆಗಾಲಕ್ಕೆ ಮುಂಚೆನೇ ಕೊಟ್ಬಿಡಿ, ಮೇದಾರರಿಗೆ ಅರ್ಧ ದುಡ್ಡು ಮುಂಗಡ ಕೊಟ್ಟು. ಹೋದ ಸಲ ನಾನು ಆಗಸ್ಟ್ ತನಕ ಕಾದು ಹಸಿ ಬಿದಿರಿನ ನಲವತ್ತು ತಟ್ಟೆ ತಂದೆ, ಎಲ್ಲಕ್ಕೂ ಹುಳ ಬಿತ್ತು.