ವಿಡಿಯೊ ಕಾಲ್‌ನಲ್ಲಿ ಮುಖ ಕಾಣ್ತಿಲ್ವಾ? ಮೊದಲು ಕ್ಯಾಮೆರಾ ಮುಟ್ಟಿ ನೋಡಿ

ಕಳೆದ ತಿಂಗಳು ಅಕ್ಕನ ಮಗಳಿಗೆ ಆನ್‌ಲೈನ್ ಇಂಟರ್‌ವ್ಯೂ ಇತ್ತು. ಇನ್ನು ಹತ್ತು ನಿಮಿಷ ಇದೆ ಅನ್ನುವಾಗ ಲ್ಯಾಪ್‌ಟಾಪಲ್ಲಿ ವಿಡಿಯೊ ಪೂರ್ತಿ ಕಪ್ಪು. ನಾನು ದೊಡ್ಡ ಪಂಡಿತನ ಹಾಗೆ ಕೂತು ಕ್ಯಾಮೆರಾ ನಡೆಸುವ ಸಾಫ್ಟ್‌ವೇರ್ ಆದ ಡ್ರೈವರನ್ನೇ ಕಿತ್ತು ಹಾಕಿದೆ, ಎರಡು ಸಲ ರೀಸ್ಟಾರ್ಟ್ ಮಾಡಿದೆ, ಬೆವರಿದೆ. ಅಷ್ಟರಲ್ಲಿ ಅಕ್ಕ ಅಡುಗೆಮನೆಯಿಂದ ಬಂದು ಕ್ಯಾಮೆರಾ ಮೇಲಿದ್ದ ಕಪ್ಪು ಸ್ಟಿಕ್ಕರ್ ಬೊಟ್ಟನ್ನು ಉಗುರಲ್ಲಿ ಕಿತ್ತಳು. ಯಾರಾದರೂ ಹ್ಯಾಕ್ ಮಾಡಿ ನೋಡಿದರೆ ಅಂತ ಅವಳೇ ಅಂಟಿಸಿದ್ದಳಂತೆ! ನಗಬೇಡಿ, 2016ರಲ್ಲಿ ಫೇಸ್‌ಬುಕ್‌ನ ಮಾರ್ಕ್ ಝುಕರ್‌ಬರ್ಗ್ ಹಾಕಿದ ಫೋಟೊದಲ್ಲೂ ಹಿಂದಿದ್ದ ಲ್ಯಾಪ್‌ಟಾಪಿನ ಕ್ಯಾಮೆರಾಗೆ ಟೇಪ್ ಅಂಟಿತ್ತು.

ಹಾಗಾಗಿ ಮೊದಲು ಹೊರಗೆ ನೋಡಿ. ಕ್ಯಾಮೆರಾ ಪಕ್ಕದ ಪುಟ್ಟ ಲೈಟ್ ಉರಿಯುತ್ತಿದ್ದೂ ಚಿತ್ರ ಕಪ್ಪಾಗಿದ್ದರೆ ಸಾಮಾನ್ಯವಾಗಿ ಏನೋ ಅಡ್ಡ ಇದೆ ಅಂತ ಅರ್ಥ. ಈಗಿನ ಬಹಳಷ್ಟು ಲ್ಯಾಪ್‌ಟಾಪ್‌ಗಳಲ್ಲಿ ಕ್ಯಾಮೆರಾಗೇ ಒಂದು ಪುಟ್ಟ ಬಾಗಿಲಿರುತ್ತದೆ, ಉಗುರಲ್ಲಿ ಪಕ್ಕಕ್ಕೆ ಸರಿಸಿ. ಸ್ಟಿಕ್ಕರ್ ಕಿತ್ತ ಮೇಲೆ ಮುಖ ಮಂಜುಮಂಜಾಗಿದ್ದರೆ ಅದು ಗೋಂದು, ಕನ್ನಡಕದ ಬಟ್ಟೆಯನ್ನು ಚೂರು ಒದ್ದೆ ಮಾಡಿ ಒರೆಸಿ.

ಲೈಟೇ ಬರ್ತಿಲ್ವಾ? ಕೀಬೋರ್ಡಿನ ಮೇಲಿನ ಸಾಲಲ್ಲಿ ಗೀಟು ಹಾಕಿದ ಕ್ಯಾಮೆರಾ ಚಿತ್ರ ಇದೆಯಾ ನೋಡಿ, ಒಮ್ಮೆ ಒತ್ತಿ. ಕೆಲವು ಮಾಡೆಲ್‌ಗಳಲ್ಲಿ ಲ್ಯಾಪ್‌ಟಾಪಿನ ಅಂಚಿನಲ್ಲೇ ಕ್ಯಾಮೆರಾ ಸ್ವಿಚ್ ಇರುತ್ತದೆ. ಅದು ಆಫ್ ಆಗಿದ್ದರೆ ಕ್ಯಾಮೆರಾನೇ ಇಲ್ಲ ಅನ್ನುತ್ತದೆ ವಿಂಡೋಸ್.

ಈಗ ವಿಂಡೋಸ್‌ನ ಕ್ಯಾಮೆರಾ ಆ್ಯಪ್ ತೆರೆಯಿರಿ. ಅದರಲ್ಲಿ ಮುಖ ಕಂಡರೆ ಕ್ಯಾಮೆರಾ ಚೆನ್ನಾಗೇ ಇದೆ, ಅಡ್ಡಿ ಇರುವುದು ಬ್ರೌಸರ್‌ನಲ್ಲೋ ಮೀಟಿಂಗ್ ಆ್ಯಪ್‌ನಲ್ಲೋ. ಯಾವತ್ತೋ ಅವಸರದಲ್ಲಿ ‘ಬ್ಲಾಕ್’ ಒತ್ತಿರುತ್ತೀರಿ, ಕ್ರೋಮ್ ಅದನ್ನು ನೆನಪಿಟ್ಟುಕೊಂಡಿರುತ್ತದೆ. ವಿಳಾಸದ ಎಡಕ್ಕಿರುವ ಚಿಹ್ನೆ ಒತ್ತಿ, ಕ್ಯಾಮೆರಾ ಆನ್ ಮಾಡಿ, ಪೇಜ್ ರೀಲೋಡ್ ಮಾಡಿ.

ಕ್ಯಾಮೆರಾ ಆ್ಯಪ್‌ನಲ್ಲಿ 0xA00F4243 ಅನ್ನುವ ಎರರ್ ಕೋಡ್ ಬಂದರೆ ಬೇರೆ ಯಾವುದೋ ಆ್ಯಪ್ ಕ್ಯಾಮೆರಾ ಹಿಡಿದುಕೊಂಡು ಕೂತಿದೆ. ಆ್ಯಪ್‌ನ ಕಿಟಕಿ ಮುಚ್ಚಿದರೂ ಕೆಲವು ಹೋಗುವುದಿಲ್ಲ, ಪರದೆಯ ಕೆಳಮೂಲೆಯ ಗಡಿಯಾರದ ಪಕ್ಕ ಅಡಗಿರುತ್ತವೆ. ಅದರ ಚಿಹ್ನೆಯ ಮೇಲೆ ರೈಟ್ ಕ್ಲಿಕ್ ಮಾಡಿ ಕ್ವಿಟ್ ಕೊಡಿ.

ಆಗಲೂ ಆಗದಿದ್ದರೆ ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್, ಪ್ರೈವೆಸಿ ಅಂಡ್ ಸೆಕ್ಯುರಿಟಿ, ಕ್ಯಾಮೆರಾ. ಮೇಲಿನ ಎರಡು ಸ್ವಿಚ್ ಆನ್ ಮಾಡಿ ಸುಮ್ನಾಗಬೇಡಿ, ಕೆಳಗೆ ಡೆಸ್ಕ್‌ಟಾಪ್ ಆ್ಯಪ್‌ಗಳಿಗೆ ಅಂತಲೇ ಇನ್ನೊಂದಿದೆ, ಕ್ರೋಮ್‌ಗೆ ಬೇಕಿರುವುದು ಅದೇ. ಮ್ಯಾಕ್‌ನಲ್ಲೂ ದಾರಿ ಹೆಚ್ಚುಕಮ್ಮಿ ಹೀಗೇ, ಆದರೆ ಅನುಮತಿ ಕೊಟ್ಟ ಮೇಲೆ ಆ್ಯಪ್ ಮುಚ್ಚಿ ಮತ್ತೆ ತೆರೆಯಬೇಕು. ಆಂಟಿವೈರಸ್‌ನಲ್ಲಿ ವೆಬ್‌ಕ್ಯಾಮ್ ಪ್ರೊಟೆಕ್ಷನ್ ಇದ್ದರೆ ಅದನ್ನೂ ನೋಡಿ.

ಕಂಪ್ಯೂಟರಿನ ಭಾಗಗಳ ಪಟ್ಟಿ ತೋರಿಸುವ ವಿಂಡೋಸ್‌ನ ಡಿವೈಸ್ ಮ್ಯಾನೇಜರ್ ಕೊನೆಗಿರಲಿ. ಕ್ಯಾಮೆರಾ ಹೆಸರಿನ ಮೇಲೆ ಕೆಳಮುಖದ ಬಾಣ ಇದ್ದರೆ ರೈಟ್ ಕ್ಲಿಕ್ ಮಾಡಿ ಎನೇಬಲ್ ಕೊಡಿ. ಆಫೀಸ್ ಲ್ಯಾಪ್‌ಟಾಪಾದರೆ ಕೈ ಹಾಕಬೇಡಿ, ಅವರೇ ಲಾಕ್ ಮಾಡಿರಬಹುದು, ಐಟಿಯವರಿಗೆ ಹೇಳಿ.

ಅಷ್ಟರಲ್ಲಿ ಕಾಲ್ ಶುರುವಾಗಿಬಿಟ್ಟರೆ ಅದೇ ಲಿಂಕ್ ಫೋನಲ್ಲಿ ತೆರೆದು ಸೇರಿಕೊಳ್ಳಿ. ಲ್ಯಾಪ್‌ಟಾಪಿನ ಮೈಕು, ಸ್ಪೀಕರ್ ಎರಡನ್ನೂ ಬಂದ್ ಮಾಡಿ, ಇಲ್ಲದಿದ್ದರೆ ಫೋನು, ಲ್ಯಾಪ್‌ಟಾಪ್ ಎರಡೂ ಸೇರಿ ಕುಯ್ಯೋ ಅನ್ನುತ್ತವೆ.