ನ್ಯೂಬರಿಯ ದುರಂತದ ನಂತರ ನಮ್ಮ ಲಾಯದ ನೆಲದಡಿ ನಾನು ಹುಡುಕಿದ್ದು

2011ರ ಫೆಬ್ರವರಿ 12ರ ಶನಿವಾರ ಇಂಗ್ಲೆಂಡಿನ ಬರ್ಕ್‌ಷೈರ್‌ನಲ್ಲಿರುವ ನ್ಯೂಬರಿ ರೇಸ್‌ಕೋರ್ಸಿನಲ್ಲಿ ದಿನದ ಮೊದಲ ಓಟ ಇನ್ನೂ ಆರಂಭವಾಗಿರಲಿಲ್ಲ. ಓಟಕ್ಕೆ ಮುನ್ನ ಕುದುರೆಗಳನ್ನು ನಡೆಸಿ ತೋರಿಸುವ ಪ್ಯಾಡಕ್ಕಿನ ಹುಲ್ಲಿನ ಮೇಲೆ ಫೆನಿಕ್ಸ್ ಟೂ ಮತ್ತು ಮಾರ್ಚಿಂಗ್ ಸಾಂಗ್ ಎಂಬ ಎರಡು ಕುದುರೆಗಳು ಇದ್ದಕ್ಕಿದ್ದಂತೆ ಕುಸಿದು ಸತ್ತವು. ಕಿಡ್ ಕ್ಯಾಸಿಡಿ ಮತ್ತು ದಿ ಮೆರಿ ಜೈಂಟ್ ಎಂಬ ಇನ್ನೆರಡು ಕುದುರೆಗಳು ಮುಗ್ಗರಿಸಿದರೂ ಬದುಕಿಕೊಂಡವು. ಮೊದಲ ಓಟ ಹೇಗೋ ನಡೆಯಿತು, ಉಳಿದ ಓಟಗಳನ್ನು ರದ್ದುಪಡಿಸಲಾಯಿತು. ಪ್ಯಾಡಕ್ಕಿನ ನೆಲದಡಿಯಲ್ಲಿದ್ದ ವಿದ್ಯುತ್ ಕೇಬಲ್‌ನಿಂದ ಕರೆಂಟು ಮಣ್ಣಿಗೆ ಸೋರಿ ಕುದುರೆಗಳಿಗೆ ತಗುಲಿತ್ತೆಂಬುದು ನಂತರ ಖಚಿತವಾಯಿತು.

ನಾನು ಪರವಾನಗಿ ಪಡೆದ ಎಲೆಕ್ಟ್ರಿಕಲ್ ಸೂಪರ್‌ವೈಸರ್. ಆಗ ಬೆಂಗಳೂರಿನ ಹೊರವಲಯದ ಒಂದು ಕುದುರೆ ಸವಾರಿ ಶಾಲೆಯ ವಿದ್ಯುತ್ ಕೆಲಸವನ್ನು ನೋಡಿಕೊಳ್ಳುತ್ತಿದ್ದೆ. ಸುದ್ದಿ ಬಂದ ಮೇಲೆ ಅಲ್ಲಿನ ಮಾಲೀಕರೂ ಕುದುರೆಗಳನ್ನು ನೋಡಿಕೊಳ್ಳುವ ಸೈಸ್‌ಗಳೂ ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ: ಲಗಾಮು ಹಿಡಿದು ಪಕ್ಕದಲ್ಲೇ ನಡೆಯುತ್ತಿದ್ದ ಮನುಷ್ಯರು ಉಳಿದುಕೊಂಡರು, ಐನೂರು ಕಿಲೋ ತೂಗುವ ಕುದುರೆ ಹೇಗೆ ಸತ್ತಿತು?

ಉತ್ತರವಿರುವುದು ಕಾಲುಗಳ ನಡುವಿನ ಅಂತರದಲ್ಲಿ. ಕೇಬಲ್ ಹರಿದ ಜಾಗದಿಂದ ಕರೆಂಟು ಮಣ್ಣಿನೊಳಗೆ ಎಲ್ಲ ದಿಕ್ಕಿಗೂ ಹರಡುತ್ತದೆ, ದೂರ ಹೋದಂತೆ ನೆಲದ ಮೇಲಿನ ವೋಲ್ಟೇಜು ಇಳಿಯುತ್ತ ಹೋಗುತ್ತದೆ. ಸಾಧಾರಣ ತೇವವಿರುವ ಮಣ್ಣಿನಲ್ಲಿ 5 ಆಂಪಿಯರ್ ಸೋರುತ್ತಿದೆಯೆಂದು ಇಟ್ಟುಕೊಂಡರೆ, ಸೋರುವ ಜಾಗದಿಂದ ಒಂದು ಮೀಟರ್ ದೂರದಲ್ಲಿ ಸುಮಾರು 80 ವೋಲ್ಟ್ ಇದ್ದದ್ದು ಎರಡೂವರೆ ಮೀಟರ್ ದೂರದಲ್ಲಿ 32ಕ್ಕೆ ಇಳಿದಿರುತ್ತದೆ. ಮುಂಗಾಲು ಒಂದು ಕಡೆ, ಹಿಂಗಾಲು ಒಂದೂವರೆ ಮೀಟರ್ ಆಚೆ ಊರಿದ ಕುದುರೆಯ ಮೈಗೆ ಈ ಎರಡರ ವ್ಯತ್ಯಾಸ, ಅಂದರೆ 48 ವೋಲ್ಟ್, ನೇರವಾಗಿ ಸಿಗುತ್ತದೆ. ಅದರ ಲಾಳ ಲೋಹದ್ದು, ನಿಂತಿರುವುದು ಒದ್ದೆ ಹುಲ್ಲಿನ ಮೇಲೆ, ಮುಂಗಾಲಿನಿಂದ ಹಿಂಗಾಲಿಗೆ ಹೋಗುವ ಕರೆಂಟಿನ ದಾರಿಯಲ್ಲೇ ಹೃದಯವಿದೆ. ಅದೇ ಜಾಗದಲ್ಲಿ ನಿಂತ ಮನುಷ್ಯನ ಎರಡು ಪಾದಗಳ ನಡುವೆ ಅರ್ಧ ಮೀಟರ್ ಅಂತರವಿದ್ದರೆ ಹೆಚ್ಚು. ಕರೆಂಟು ಒಂದು ಕಾಲಿನಿಂದ ಹತ್ತಿ ಇನ್ನೊಂದರಲ್ಲಿ ಇಳಿಯುವುದರಿಂದ ಎದೆಯ ಭಾಗಕ್ಕೆ ಬರುವುದು ಕಡಿಮೆ, ಮೇಲಾಗಿ ಕಾಲಿನಲ್ಲಿ ರಬ್ಬರ್ ಅಟ್ಟೆಯ ಬೂಟಿರುತ್ತದೆ. ನಮ್ಮ ಹಳ್ಳಿಗಳಲ್ಲಿ ಮಳೆಗಾಲದಲ್ಲಿ ವಿದ್ಯುತ್ ಕಂಬದ ಬುಡದಲ್ಲಿ ಮೇಯುತ್ತಿದ್ದ ಎಮ್ಮೆ ಸತ್ತು, ಅದನ್ನು ಹೊಡೆದುಕೊಂಡು ಬಂದವನು ಬದುಕುಳಿಯುವ ಪ್ರಸಂಗಗಳ ಹಿಂದಿರುವುದೂ ಇದೇ ಲೆಕ್ಕ.

ಈ ಲೆಕ್ಕವನ್ನು ಕಾಗದದ ಮೇಲೆ ಬರೆದು ತೋರಿಸಿದಾಗ ಮಾಲೀಕರು, "ನಮ್ಮಲ್ಲಿ ಅರ್ತಿಂಗ್ ಗುಂಡಿ ಸರಿಯಾಗಿದೆಯಲ್ಲ, ಉಪ್ಪು ಇದ್ದಿಲು ಹಾಕಿ ವರ್ಷವೂ ಆಗಿಲ್ಲ" ಎಂದರು. ನನ್ನ ವೃತ್ತಿಯಲ್ಲಿ ನಾನು ಅತಿ ಹೆಚ್ಚು ಬಾರಿ ಕೇಳಿರುವ ಸಮಾಧಾನದ ಮಾತು ಇದು. ಮೋಟಾರಿನ ಕವಚಕ್ಕೋ ಲೋಹದ ಕಂಬಕ್ಕೋ ಕರೆಂಟು ಬಂದಾಗ ಅರ್ತಿಂಗ್ ತಂತಿ ಅದನ್ನು ಒಯ್ಯುತ್ತದೆ, ನಿಜ. ಆದರೆ ಕೇಬಲ್ಲಿನ ಒಳತಂತಿ ನೇರವಾಗಿ ಮಣ್ಣಿಗೆ ತಾಗಿದಾಗ ಅದು ಅರ್ತಿಂಗ್ ತಂತಿಯನ್ನು ಮುಟ್ಟಿಯೇ ಇರುವುದಿಲ್ಲ. ಮಣ್ಣಿನ ಮೂಲಕವೇ ಹರಿದು ಟ್ರಾನ್ಸ್‌ಫಾರ್ಮರಿನ ನ್ಯೂಟ್ರಲ್ ಸೇರಿಕೊಳ್ಳುತ್ತದೆ. ಮಿತಿ ಮೀರಿ ಕರೆಂಟು ಹರಿದರೆ ಲೈನನ್ನು ತಾನೇ ಆಫ್ ಮಾಡುವ ಎಂಸಿಬಿಯೂ ಇಲ್ಲಿ ಸುಮ್ಮನಿರುತ್ತದೆ. 16 ಆಂಪಿಯರ್‌ನ ಎಂಸಿಬಿಯ ಕಣ್ಣಿಗೆ 5 ಆಂಪಿಯರ್ ಸೋರಿಕೆಯೂ ಒಂದೇ, ಉರಿಯುತ್ತಿರುವ ಕೆಲವು ಫೋಕಸ್ ದೀಪಗಳೂ ಒಂದೇ. ಹಳೆಯ ಕಿಟ್‌ಕ್ಯಾಟ್ ಫ್ಯೂಸ್ ಆದರೂ ಅಷ್ಟೇ. ಹೋದ ಕರೆಂಟು ಪೂರ್ತಿಯಾಗಿ ಮರಳಿ ಬರುತ್ತಿದೆಯೇ ಎಂದು ನೋಡುವ ಸಾಧನ ಆರ್‌ಸಿಸಿಬಿ ಒಂದೇ, ಮತ್ತು ಹೊರಾಂಗಣದ ಲೈನುಗಳಲ್ಲಿ ಅದನ್ನೇ ಹಾಕಿರುವುದಿಲ್ಲ. ಮಳೆ ಬಂದಾಗಲೆಲ್ಲ ಟ್ರಿಪ್ ಆಗಿ ಕಿರಿಕಿರಿ ಕೊಡುತ್ತದೆ ಎಂದು ಹಾಕಿದ್ದನ್ನೂ ಬೈಪಾಸ್ ಮಾಡಿಸಿರುವವರನ್ನು ನಾನು ಕಂಡಿದ್ದೇನೆ. ಮಳೆಯಲ್ಲಿ ಅದು ಟ್ರಿಪ್ ಆಗುವುದು ತನ್ನ ಕೆಲಸವನ್ನು ಮಾಡುತ್ತಿರುವುದರಿಂದ ಎಂದು ಅವರಿಗೆ ತಿಳಿಸಿ ಹೇಳುವುದು ವೈರಿಂಗ್ ಮಾಡುವುದಕ್ಕಿಂತ ಕಷ್ಟದ ಕೆಲಸ.

ಮಾಲೀಕರು ಒಪ್ಪಿದ ಮೇಲೆ ಕುದುರೆಗಳನ್ನು ಸವಾರಿ ಮೈದಾನಕ್ಕೆ ಬಿಡುವುದನ್ನು ನಿಲ್ಲಿಸಿ, ಹೊರಾಂಗಣದ ಎಲ್ಲ ಲೈನುಗಳನ್ನು ಆಫ್ ಮಾಡಿ ಕೆಲಸ ಆರಂಭಿಸಿದೆ. ನಕ್ಷೆಯೇ ಇರಲಿಲ್ಲ. ಆ ಜಾಗವನ್ನು ಕಟ್ಟಿಸಿದವರು ಬೇರೆ, ನಂತರ ಲಾನ್ ಮಾಡಿಸಿದವರು ಬೇರೆ, ಸ್ಪ್ರಿಂಕ್ಲರ್ ಪಂಪು ಕೂಡಿಸಿದವರು ಇನ್ನೊಬ್ಬರು. ಬೋರ್ಡಿನಲ್ಲಿ 'ಗಾರ್ಡನ್' ಎಂದಷ್ಟೇ ಬರೆದಿದ್ದ ಒಂದು ಸ್ವಿಚ್ಚಿತ್ತು. ಅದನ್ನು ಹಾಕಿದರೂ ತೆಗೆದರೂ ಎಲ್ಲಿಯೂ ಏನೂ ಉರಿಯುತ್ತಿರಲಿಲ್ಲವಾದ್ದರಿಂದ ಅದು ಸದಾ ಆನ್ ಆಗಿಯೇ ಇರುತ್ತಿತ್ತು. ಬಾಡಿಗೆಗೆ ತಂದ ಕೇಬಲ್ ಪತ್ತೆ ಯಂತ್ರದ ಸಿಗ್ನಲ್ಲನ್ನು ಆ ಲೈನಿಗೆ ಕೊಟ್ಟು ರಿಸೀವರ್ ಹಿಡಿದು ನಡೆದಾಗ ಅದು ನಮ್ಮನ್ನು ಲಾಯದ ಹಿಂದಿನಿಂದ ಮೈದಾನದ ಈಶಾನ್ಯ ಮೂಲೆಗೆ ಕರೆದೊಯ್ದಿತು. ಹಿರಿಯ ಸೈಸ್ ಒಬ್ಬರು, "ಈ ಮೂಲೆಗೆ ಬಂದರೆ ಆ ಹೆಣ್ಣುಕುದುರೆ ಕಿವಿ ನಿಮಿರಿಸಿ ಪಕ್ಕಕ್ಕೆ ಸರಿಯುತ್ತೆ ಸಾರ್, ನಾವು ಅದರ ಹಟ ಅಂದ್ಕೊಂಡಿದ್ವಿ" ಎಂದರು. ಅಂದಿನಿಂದ ಪ್ರಾಣಿಗಳಿರುವ ಯಾವ ಜಾಗಕ್ಕೆ ಹೋದರೂ, ಬೋರ್ಡು ತೆರೆಯುವ ಮೊದಲೇ, ಯಾವ ಪ್ರಾಣಿ ಎಲ್ಲಿಗೆ ಹೋಗಲು ಹಿಂಜರಿಯುತ್ತದೆ, ಯಾವುದು ಯಾವ ತೊಟ್ಟಿಯ ನೀರು ಕುಡಿಯುವುದಿಲ್ಲ ಎಂದು ನೋಡಿಕೊಳ್ಳುವವರನ್ನು ಕೇಳುತ್ತೇನೆ.

ಆ ಕೇಬಲ್ಲಿನ ಎರಡೂ ತುದಿ ಬಿಡಿಸಿ ತಂತಿಯ ಹೊದಿಕೆ ಕರೆಂಟನ್ನು ಎಷ್ಟು ತಡೆಯುತ್ತದೆಂದು ಅಳೆಯುವ 500 ವೋಲ್ಟ್ ಮೆಗ್ಗರ್ ಹಚ್ಚಿದಾಗ ರೀಡಿಂಗ್ ಒಂದು ಮೆಗಾಓಮ್‌ನ ಹತ್ತಿರಕ್ಕೂ ಬರಲಿಲ್ಲ, ಅಂದರೆ ಹೊದಿಕೆ ಕೆಟ್ಟಿತ್ತು. ಅಷ್ಟಕ್ಕೇ ಅದನ್ನು ತೆಗೆದುಹಾಕಬಹುದಿತ್ತು. ಆದರೆ ನೆಲದ ಮೇಲೆ ನಿಜವಾಗಿ ಎಷ್ಟು ಬರುತ್ತಿತ್ತೆಂದು ಅಳೆಯದೆ ಬಿಡುವ ಮನಸ್ಸು ನನಗಾಗಲಿಲ್ಲ. ಪ್ರಾಣಿಗಳನ್ನೂ ಜನರನ್ನೂ ದೂರ ಕಳಿಸಿ, ರಬ್ಬರ್ ಬೂಟು ಕೈಗವಸು ಹಾಕಿಕೊಂಡು, ಲೈನ್ ಆಫ್ ಇರುವಾಗಲೇ ಒಂದೂವರೆ ಮೀಟರ್ ಅಂತರದಲ್ಲಿ ಎರಡು ಕಬ್ಬಿಣದ ಗೂಟ ಬಡಿದು ಅವುಗಳ ನಡುವೆ ಮೀಟರ್ ಕೂಡಿಸಿದೆ. ಡಿಜಿಟಲ್ ಮೀಟರನ್ನು ಬರಿದೇ ಕೂಡಿಸಿದರೆ ಅದು ಎಲ್ಲೆಲ್ಲಿನದೋ ಸುಳ್ಳು ವೋಲ್ಟೇಜನ್ನೂ ತೋರಿಸುತ್ತದೆಯಾದ್ದರಿಂದ ಅದಕ್ಕೆ ಅಡ್ಡಲಾಗಿ 500 ಓಮ್‌ನ ರೆಸಿಸ್ಟರ್ ಹಾಕಬೇಕು. ಹಸುವಿನಂಥ ಪ್ರಾಣಿಯ ಮೈ ಕರೆಂಟಿಗೆ ಒಡ್ಡುವ ತಡೆಗೆ ಲೆಕ್ಕದಲ್ಲಿ ಸಾಮಾನ್ಯವಾಗಿ ಹಿಡಿಯುವುದು ಅಷ್ಟನ್ನೇ. ಒಣ ನೆಲದಲ್ಲಿ ಲೈನ್ ಆನ್ ಮಾಡಿದಾಗ ಬಂದದ್ದು ಅತ್ಯಲ್ಪ. ಆಫ್ ಮಾಡಿ, ಪೈಪಿನಿಂದ ಆ ಮೂಲೆಗೆ ಚೆನ್ನಾಗಿ ನೀರು ಹಾಯಿಸಿ, ಮತ್ತೆ ಆನ್ ಮಾಡಿದಾಗ ರೀಡಿಂಗ್ ಕುದುರೆ ಬೆಚ್ಚುವಷ್ಟಕ್ಕೆ ಏರಿತು. ಕೊಲ್ಲುವಷ್ಟಿರಲಿಲ್ಲ. ಆದರೆ ಅದು ಫೆಬ್ರವರಿ, ಜೂನ್ ಅಲ್ಲ.

ಅಗೆದಾಗ ಸಿಕ್ಕಿದ್ದು ಎಂದೋ ಕಿತ್ತುಹಾಕಿದ ದೀಪದ ಕಂಬಕ್ಕೆ ಹೋಗುತ್ತಿದ್ದ ಅಲ್ಯೂಮಿನಿಯಂ ಕೇಬಲ್. ಅದರ ತುದಿಗೆ ಟೇಪು ಸುತ್ತಿ ಹಾಗೆಯೇ ಮಣ್ಣು ಮುಚ್ಚಿದ್ದರು, ಅದೂ ಗೇಣುದ್ದದ ಆಳದಲ್ಲಿ. ಹುಲ್ಲುಹಾಸಿಗೆ ಗಾಳಿಯಾಡಲೆಂದು ಚುಚ್ಚುವ ಯಂತ್ರದ ಮೊಳೆಗಳು ಅದಕ್ಕಿಂತ ಆಳಕ್ಕೆ ಇಳಿಯಬಲ್ಲವು.

ದುರಸ್ತಿಯ ಕೆಲಸದಲ್ಲಿ ಹೇಳುವಂಥದ್ದು ಹೆಚ್ಚಿಲ್ಲ. ಬಳಕೆಯಲ್ಲಿಲ್ಲದ ಕೇಬಲ್ಲನ್ನು ಪೂರ್ತಿ ಎಳೆದು ಹೊರತೆಗೆಸಿದೆ. ಬೋರ್ಡಿನಲ್ಲಿ ಮಾತ್ರ ಬಿಡಿಸಿಟ್ಟರೆ ಮುಂದೊಂದು ದಿನ ಯಾರಾದರೂ ಮತ್ತೆ ಕೂಡಿಸುತ್ತಾರೆ. ಬೇಕಾದ ಲೈನುಗಳನ್ನು ಕುದುರೆ ಕಾಲಿಡುವ ಜಾಗದಿಂದಲೇ ತಪ್ಪಿಸಿ ಬೇಲಿಯ ಹೊರಗಿನಿಂದ, ಮುಕ್ಕಾಲು ಮೀಟರ್ ಆಳದಲ್ಲಿ, ಪೈಪಿನೊಳಗೆ ಹಾಯಿಸಿ ಮೇಲೆ ಇಟ್ಟಿಗೆಯನ್ನೂ ಎಚ್ಚರಿಕೆಯ ಪಟ್ಟಿಯನ್ನೂ ಹಾಸಿಸಿದೆ. ಪ್ರತಿ ಹೊರಲೈನಿಗೂ ಪ್ರತ್ಯೇಕವಾಗಿ 30 ಮಿಲಿಆಂಪಿಯರ್ ಆರ್‌ಸಿಸಿಬಿ ಹಾಕಿದ್ದರಿಂದ ಮಳೆಯಲ್ಲಿ ಒಂದು ಟ್ರಿಪ್ ಆದರೂ ಉಳಿದ ಕಡೆ ಬೆಳಕಿರುತ್ತದೆ, ಬೈಪಾಸ್ ಮಾಡಿಸುವ ಆಸೆ ಯಾರಿಗೂ ಹುಟ್ಟುವುದಿಲ್ಲ.

ಹೆಚ್ಚು ಚರ್ಚೆಯಾದದ್ದು ಸೈಸ್‌ಗಳಿಗೆ ಕೊಟ್ಟ ತರಬೇತಿಯಲ್ಲಿ. ನ್ಯೂಬರಿಯಲ್ಲಿ ಕುದುರೆಗಳನ್ನು ಮುಟ್ಟಿದವರಿಗೂ ಶಾಕ್ ಹೊಡೆದ ಅನುಭವವಾಗಿತ್ತೆಂದು ವರದಿಯಾಗಿತ್ತು. ಬಿದ್ದ ಕುದುರೆಯನ್ನು ಮೇನ್ ಆಫ್ ಆಗುವವರೆಗೆ ಮುಟ್ಟಬಾರದು, ಕಾಲಿಗೆ ಜುಮ್ಮೆಂದರೆ ಪಾದಗಳನ್ನು ಹತ್ತಿರವಿಟ್ಟುಕೊಂಡು ಸಣ್ಣ ಹೆಜ್ಜೆಯಲ್ಲಿ ಹಿಂದೆ ಸರಿಯಬೇಕು, ಉಳಿದ ಕುದುರೆಗಳನ್ನು ಬಿದ್ದ ಜಾಗದಿಂದ ದೂರದ ಕಡೆಗೆ ನಡೆಸಬೇಕು ಎಂದು ನಾನು ಹೇಳುತ್ತಿದ್ದಂತೆ ಒಬ್ಬ ಹುಡುಗ, "ಕೈಯಾರೆ ಸಾಕಿದ್ದು ಕಣ್ಣೆದುರೇ ಬಿದ್ರೆ ಸುಮ್ನೆ ನಿಂತ್ಕೊಳೋಕಾಗುತ್ತಾ ಸಾರ್?" ಎಂದು ಕೇಳಿದ. ನಿಲ್ಲಲಾಗುವುದಿಲ್ಲ. ಓಡುವವನು ಕುದುರೆಯ ಕಡೆಗೆ ಓಡದೆ ಸ್ವಿಚ್ಚಿನ ಕಡೆಗೆ ಓಡಲಿ ಎಂದು ಹೊರಲೈನುಗಳ ಮೇನ್ ಸ್ವಿಚ್ಚನ್ನು ಲಾಯದ ಹಿಂದಿನಿಂದ ತೆಗೆದು ಮೈದಾನದ ಗೇಟಿನ ಪಕ್ಕಕ್ಕೆ ತಂದೆ, ಕೆಂಪು ಬಣ್ಣ ಹೊಡೆಸಿದೆ, ಪ್ರತಿಯೊಬ್ಬ ಸೈಸ್‌ನ ಕೈಯಿಂದಲೂ ಒಮ್ಮೆ ಆಫ್ ಮಾಡಿಸಿದೆ.

ಹೊಸ ಕೇಬಲ್‌ಗಳ ಮಾರ್ಗವನ್ನು ತಗಡಿನ ಮೇಲೆ ಬರೆಸಿ ಅದೇ ಸ್ವಿಚ್ಚಿನ ಮೇಲೆ ಹೊಡೆಸಿದ್ದೇನೆ. ಮುಂಗಾರಿಗೆ ಮುನ್ನ ಪ್ರತಿ ವರ್ಷ ಮೆಗ್ಗರ್ ಪರೀಕ್ಷೆ ನಡೆಸಿ, ಬಂದ ರೀಡಿಂಗನ್ನು ತಾರೀಖಿನೊಂದಿಗೆ ಅಲ್ಲಿಯೇ ಇರುವ ಪುಸ್ತಕದಲ್ಲಿ ಬರೆಯಲಾಗುತ್ತದೆ. ಮೈದಾನದಲ್ಲಿ ಯಾರೇ ಗುದ್ದಲಿ ಹಾಕುವುದಿದ್ದರೂ, ಹುಲ್ಲು ಚುಚ್ಚುವ ಯಂತ್ರ ಇಳಿಸುವುದಿದ್ದರೂ, ಆ ಪುಸ್ತಕಕ್ಕೆ ಸಹಿ ಹಾಕಿದ ಮೇಲೆಯೇ ಗೇಟು ತೆರೆಯುತ್ತಾರೆ.